ಕಾಟಮ್ಮನ ಕಾಲು ಕಟ್ಟಿಹಾಕಿದವರು

ಹರಿಯಬ್ಬೆಯ ಕಾಟಮ್ಮನಿಗೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೂವತ್ತು ವರ್ಷ ಕುರಿಗಳ ಹಿಂದೆ ನಡೆದ ಹೆಂಗಸು. ಬುತ್ತಿ ಕಟ್ಟಿಕೊಂಡು ಹೊರಟರೆ ಮನೆ ಸೇರುತ್ತಿದ್ದುದು ಹೊತ್ತು ಮುಳುಗಿದ ಮೇಲೆಯೇ. ಗಂಡ ಸತ್ತ ಮೇಲೂ ಮಂದೆ ಬಿಡಲಿಲ್ಲ.

ಹೋದ ವರ್ಷ, ಊರಿನ ಆರೋಗ್ಯ ಕೇಂದ್ರದ ನರ್ಸ್ ಆದ ನಾನೇ ಅವಳ ಬೆರಳು ಚುಚ್ಚಿ ನೋಡಿ, ಸಕ್ಕರೆ ಕಾಯಿಲೆ ಇದೆ ಎಂದೆ. ಅವಳ ತಾಯಿಗೂ ಇತ್ತು. ಹಿರಿಯೂರಿನ ಡಾಕ್ಟರು ಮಾತ್ರೆ ಬರೆದು, "ಕಾಲು ಜೋಪಾನ, ಗಾಯ ಆಗಬಾರದು" ಎಂದರಂತೆ. ಅಷ್ಟೇ ಸಾಕಾಯಿತು. ಮಗ ಬೀರಪ್ಪ ತಾಯಿಯನ್ನು ಜಗಲಿಯ ಮೇಲೆ ಕೂರಿಸಿ ಮಂದೆಯನ್ನು ತಾನೇ ಹೊಡೆದುಕೊಂಡು ಹೋಗತೊಡಗಿದ. ಅವಳು ನೀರಿನ ಕೊಡ ಮುಟ್ಟಿದರೂ ಸೊಸೆ ಕಸಿದುಕೊಳ್ಳುವಳು. ನೋಡಲು ಬಂದವರೆಲ್ಲ, "ಎಂಥಾ ಮಗನ್ನ ಪಡೆದಿದೀಯವ್ವ!" ಎಂದು ಹೊಗಳಿದ್ದೇ ಹೊಗಳಿದ್ದು.

ಆರು ತಿಂಗಳಲ್ಲಿ ಕಾಟಮ್ಮನಿಗೆ ಬೊಜ್ಜು ಹೊಟ್ಟೆ ಬಂತು, ತೊಡೆ ಸೊರಗಿತು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಸಿಹಿ ಮುಟ್ಟುತ್ತಿರಲಿಲ್ಲ. ಆದರೂ ಸಕ್ಕರೆ ಮುನ್ನೂರಕ್ಕೆ ಏರಿತ್ತು. ಒಂದು ಬೆಳಿಗ್ಗೆ ಅವರ ಮನೆಗೇ ಹೋಗಿ ವಿಚಾರಿಸಿದೆ.

"ಕುರಿ ಕಂಡ್ರೆ ಸಾಕು, ಹೋಗ್ತೀನಿ ಅಂತ ಹಟ ಮಾಡ್ತಾಳೆ. ಸೋಮವಾರ ಮಂದೆನೇ ಮಾರಿಬಿಡ್ತೀನಿ ಕಣಕ್ಕ" ಅಂದ ಬೀರಪ್ಪ.

ನನಗೆ ತಡೆಯಲಾಗಲಿಲ್ಲ. "ಬುದ್ಧಿ ಐತೇನಪ್ಪ ನಿಂಗೆ? ಉಂಡ ಮುದ್ದೆಯ ಸಕ್ಕರೆನ ಜಾಸ್ತಿ ಎಳ್ಕಳೋದು ಮಾಂಸಖಂಡ. ಇನ್ಸುಲಿನ್ ಬಂದು ಬಾಗಿಲು ತಟ್ಟಿದ್ರೆ ಮಾಂಸಖಂಡ ತೆಗೀಬೇಕು. ಹೊಟ್ಟೇಲಿ ಕೊಬ್ಬು ಕೂತ್ರೆ, ಅದು ರಕ್ತಕ್ಕೆ ಬಿಡೋ ಜಿಡ್ಡು ಆ ತಟ್ಟೋ ಸದ್ದನ್ನ ಒಳಗೆ ಮುಟ್ಟಾಕೆ ಬಿಡಲ್ಲ. ಸಕ್ಕರೆ ರಕ್ತದಾಗೇ ಉಳೀತೈತೆ. ನಡೆದ್ರೆ ಮಾತ್ರ, ಯಾರೂ ತಟ್ಟದಿದ್ರೂ ಮಾಂಸಖಂಡ ತಾನೇ ಬಾಗಿಲು ತೆಗೀತೈತೆ. ಆ ದಾರಿನೂ ಮುಚ್ಚಿ ಕೂತಿದೀಯಲ್ಲೋ! ಕಾಲು ಜೋಪಾನ ಅಂದ್ರೆ ಒಳ್ಳೆ ಚಪ್ಪಲಿ ಹಾಕ್ಕಂಡು ನಡೀಲಿ ಅಂತ. ನಡೀಬ್ಯಾಡ ಅಂತಲ್ಲ!"

ಅವನು ತಲೆ ಕೆರೆದುಕೊಂಡ. "ಅಲ್ಲಕ್ಕ, ಕಾಯಿಲೆ ತಾಯಿನ ಕುರಿ ಕಾಯಾಕೆ ಕಳಿಸ್ತಾನೆ ಅಂತ ಜನ ಉಗೀತಾರೆ."

ಥೂ! ತಾಯಿ ಕಣ್ಣೆದುರೇ ಸವೆಯುತ್ತಿದ್ದಾಳೆ, ಇವನಿಗೆ ಜನರ ಬಾಯಿಯ ಚಿಂತೆ.

ಅಷ್ಟರಲ್ಲಿ ಕಾಟಮ್ಮ ಗೋಡೆ ಹಿಡಿದು ಎದ್ದಳು. "ಆ ಜನ ನನ್ನ ಹೆಣ ಹೊರಾಕೆ ಬರ್ತಾರೆ ಕಣಪ್ಪ. ಅಲ್ಲೀ ತಂಕ ನನ್ನ ನಾನೇ ಹೊತ್ಕಂತೀನಿ, ಬಿಡು."

ಹಿಡಿಯಲು ಬಂದ ಮಗನ ಕೈ ಕೊಡವಿ, ಚಪ್ಪಲಿ ಮೆಟ್ಟಿ, ರೊಪ್ಪದ ಬಾಗಿಲು ತೆಗೆದು ಕುರಿಗಳ ಹಿಂದೆ ಹೊರಟಳು. ನೂರು ಹೆಜ್ಜೆ ಹೋಗುವುದರಲ್ಲಿ ಏದುಸಿರು ಬಂದು ನಿಂತಳು. ಮೂವತ್ತು ವರ್ಷ ನಡೆದ ಕಾಲನ್ನು ಆರು ತಿಂಗಳ ಪ್ರೀತಿ ಆ ಗತಿಗೆ ತಂದಿತ್ತು.