ಅವ್ವ ಹಾಕಿದ ಇನ್ನೊಂದು ಎಲೆ

ಹೆಮ್ಮರಗಾಲದಿಂದ ಅವ್ವನನ್ನೂ ಹೆಂಡತಿಯನ್ನೂ ಕರಕೊಂಡು ಎರಡು ದಿನದ ಮಟ್ಟಿಗೆ ಮೈಸೂರಿಗೆ ಹೋಗಿದ್ದೆ. ಅಲ್ಲಿನ ದೊಡ್ಡ ಕಾಲೇಜೊಂದನ್ನೂ ತೋರಿಸೋಣವೆಂದು ಒಳಗೆ ಕಾಲಿಟ್ಟರೆ, ಗಾಜಿನ ಬೀರುವಿನಲ್ಲಿ ಮನುಷ್ಯನ ಇಡೀ ಅಸ್ಥಿಪಂಜರ ನೇತಾಡುತ್ತಿತ್ತು! ನನ್ನ ಜೀವ ಬಾಯಿಗೆ ಬಂತು. ಹೆಂಡತಿ ಕಿಟಾರನೆ ಕಿರುಚಿದಳು.

"ಎದರ್‍ಬೇಡಿ ಸ್ವಾಮಿ, ಐಕ್ಳು ನೋಡಿ ಕಲೀಲಿ ಅಂತ ಮಡಗವ್ರೆ," ಎಂದ ಅಲ್ಲಿನ ಜವಾನ.

ಅವ್ವ ಮಾತ್ರ ಕದಲಲಿಲ್ಲ. "ಇವನ್ನ ಮಣ್ಣು ಮಾಡ್ಲಿಲ್ವಾ? ಇವನಿಗೆ ಎಡೆ ಇಕ್ಕೋರು ಯಾರಪ್ಪಾ?"

"ಯಾರ ಮಗನೋ, ಯಾರಿಗ್ ಗೊತ್ತವ್ವಾ?"

ಆ ವರ್ಷ, ತೀರಿಕೊಂಡವರಿಗೆ ಎಡೆ ಇಡುವ ಹಿರಿಯರ ಹಬ್ಬದಲ್ಲಿ, ಅಪ್ಪನ ಎಲೆಯ ಪಕ್ಕದಲ್ಲೇ ಅವ್ವ ಇನ್ನೊಂದು ಎಲೆ ಹಾಕಿದಳು. ನಾನು ದಂಗಾದೆ.

"ಯಾರಿಗವ್ವಾ?"

"ಆ ಕಾಲೇಜಿನವನಿಗೆ ಕಣ್ಲಾ."

ಅವ್ವ ಹೋದಮೇಲೂ ಆ ಎಲೆ ತಪ್ಪಿಲ್ಲ. ನಮ್ಮ ಹಿರಿಯರ ಪೈಕಿ ಕಾಲೇಜು ಸೇರಿದವನು ಅವನೊಬ್ಬನೇ ತಾನೇ!