ಯಂತ್ರ ಓದದ ಸಾಲುಗಳು

ನಾನು ಪಿಯುಸಿಯಲ್ಲಿ ಫೇಲಾದದ್ದು ಇಂಗ್ಲಿಷ್ ಒಂದರಲ್ಲೇ, ಅದೂ ಆರು ಅಂಕಗಳಿಂದ. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದೆವು. ಉತ್ತರಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಸ್ಪೆಲಿಂಗ್ ಮಾತ್ರ ಸಾಲಿಗೆರಡು ತಪ್ಪಿತ್ತು.

ಸೇಡಂನಲ್ಲಿ ನಮ್ಮ ಓಣಿಯ ಕೊನೆಯ ಮನೆ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರದು. ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮನೆಮುಂದಿನ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅಪ್ಪ ಆ ನಕಲನ್ನು ಅವರ ಕೈಗಿಟ್ಟ. ಅವರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು.

"ಹುಡುಗಿಗಿ ಇಂಗ್ಲಿಷ್ ಬರ್ತದ. ಆದ್ರ ಕಣ್ಣು ಓದಾಕತ್ತಿಲ್ಲ, ಬರೇ ಓಡಾಕತ್ತದ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾಳಿಂದ ಒಂದು ಪೆನ್ಸಿಲ್ ತಗೊಂಡು ಬಾ ಬೇಟಾ. ಪುಸ್ತಕ ಬ್ಯಾಡ."

ಅವರ ಪಾಠಕ್ಕೆ ಪುಸ್ತಕವೇ ಇರಲಿಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿ, ಕಿರಾಣಿ ಸಾಮಾನು ಕಟ್ಟಿದ ಹಳೆಯ ಇಂಗ್ಲಿಷ್ ಪೇಪರು, ಮದುವೆ ಕಾರ್ಡು, ಸಿಮೆಂಟ್ ಚೀಲ. ಎಲ್ಲಿ ತಪ್ಪಿದೆಯೋ ಅಲ್ಲಿ ದುಂಡಗೆ ಗೆರೆ ಹಾಕಬೇಕು. ಆದರೆ ನಿಘಂಟು ನೋಡದೆ ಗೆರೆ ಹಾಕುವಂತಿಲ್ಲ. ವಾಕ್ಯದ ಅರ್ಥ ತಿಳಿಯದಿದ್ದರೆ ತಿದ್ದುವಂತಿಲ್ಲ, ಮೊದಲು ಕೇಳಬೇಕು. ಮೂರು ತಿಂಗಳಲ್ಲಿ ನಾನು ಪರೀಕ್ಷೆ ಪಾಸಾದೆ. ಆ ಚಟ ಮಾತ್ರ ಹೋಗಲಿಲ್ಲ. ಯಾರ ಮದುವೆಯ ಕಾರ್ಡು ಬಂದರೂ ವಧೂವರರ ಹೆಸರಿಗಿಂತ ಮೊದಲು ನನಗೆ ಅದರಲ್ಲಿನ ತಪ್ಪುಗಳೇ ಕಾಣುತ್ತಿದ್ದವು.

ಮುಂದೆ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡೆ. ಶಹಾಬಾದಿನ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕಿಯ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಸೇಡಂನಲ್ಲಿ ಪ್ಯಾಸೆಂಜರ್ ಗಾಡಿ ಹತ್ತುವುದು, ಚಿತ್ತಾಪುರ, ವಾಡಿ ದಾಟಿ ಶಹಾಬಾದಿನಲ್ಲಿ ಇಳಿಯುವುದು, ಸಂಜೆ ಹಾಗೇ ವಾಪಸ್ಸು. ಹನ್ನೆರಡು ವರ್ಷಗಳಿಂದ ಇದೇ ನಡೆದಿದೆ.

ಲ್ಯಾಬಿನಲ್ಲಿ ಇದ್ದದ್ದು ಹಳೆಯ ಕಂಪ್ಯೂಟರುಗಳು. ಅವುಗಳಿಗೆ ಉಚಿತವಾಗಿ ಸಿಗುವ, ಯಾರು ಬೇಕಾದರೂ ಒಳಗಿನ ಕೋಡನ್ನು ತೆರೆದು ನೋಡಬಹುದಾದ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆವು. ಒಂದು ದಿನ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಬರಲೇ ಇಲ್ಲ. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂನ ಫೈಲಿನಲ್ಲಿ ಆ ಕಾರ್ಡಿನ ನಂಬರ್ ಇದೆಯೋ ಇಲ್ಲವೋ ನೋಡಬೇಕಿತ್ತು. ಫೈಲು ತೆರೆದೆ. ನಂಬರ್ ಹುಡುಕುವ ಮೊದಲೇ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ರಿಸೀವ್ ಎಂಬ ಪದದಲ್ಲಿ ಇ ಮತ್ತು ಐ ಅದಲುಬದಲಾಗಿ ಕೂತಿದ್ದವು. ಪಿಯುಸಿಯಲ್ಲಿ ನಾನು ಮಾಡಿದ್ದ ತಪ್ಪೇ ಅದು!

ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಟೇಬಲಿನಲ್ಲಿದ್ದ ಕಂಪ್ಯೂಟರ್ ವಿಭಾಗದ ಉಪನ್ಯಾಸಕರು ತಲೆ ಎತ್ತಿದರು. ಚಿತ್ತಾಪುರದವರು, ನನಗಿಂತ ಚಿಕ್ಕ ವಯಸ್ಸಿನವರು, ಕೋಡ್ ಬರೆಯುವುದರಲ್ಲಿ ಗಟ್ಟಿಗರು.

"ಏನಾತ್ರಿ ಮೇಡಂ?"

"ಸರ್, ಇಷ್ಟು ದೊಡ್ಡ ದೊಡ್ಡ ಮಂದಿ ಬರ್ದದ್ರಾಗ ಸ್ಪೆಲಿಂಗ್ ತಪ್ಪೈತ್ರಿ."

ಅವರು ಬಂದು ನೋಡಿದರು. "ಅದು ಬರೇ ಕಾಮೆಂಟ್ ಐತ್ರಿ. ಓದೋರಿಗಿ ಸಲೀಸಾಗ್ಲಿ ಅಂತ ನಡುವ ಬರ್ದಿರ್ತಾರ. ಮಷೀನ್ ಅದನ್ನ ಓದಂಗೇ ಇಲ್ಲ. ತಪ್ಪಿದ್ರೇನು, ಒಪ್ಪಿದ್ರೇನು?"

ನನಗೆ ಸುಮ್ಮನಿರಲಾಗಲಿಲ್ಲ. ಮರುದಿನ ಗಾಡಿಯಲ್ಲಿ ಮೊಬೈಲಿನಲ್ಲೇ ಹುಡುಕಿ ಓದಿದೆ. ಈ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಂತೆ. ಹಳೆಯ ಸಾಲಿನ ಮುಂದೆ ಕಳೆಯುವ ಚಿಹ್ನೆ, ಹೊಸ ಸಾಲಿನ ಮುಂದೆ ಕೂಡುವ ಚಿಹ್ನೆ, ಏಕೆ ತಿದ್ದಿದೆ ಎಂದು ಒಂದು ಟಿಪ್ಪಣಿ, ಕೆಳಗೆ ತನ್ನ ಹೆಸರು. ಇದಕ್ಕೆ ಪ್ಯಾಚ್ ಎನ್ನುತ್ತಾರೆ. ಆ ಡ್ರೈವರನ್ನು ನೋಡಿಕೊಳ್ಳುವ ಉಸ್ತುವಾರಿಯವರಿಗೆ ಅದನ್ನು ಇಮೇಲ್ ಮಾಡಬೇಕು. ಅವರು ಒಪ್ಪಿದರೆ ಅದು ಜಗತ್ತಿನಲ್ಲಿ ಆ ಸಿಸ್ಟಮ್ ಇರುವ ಎಲ್ಲ ಕಡೆಗೂ ಹೋಗುತ್ತದೆ.

ಊಟದ ಬಿಡುವುಗಳಲ್ಲಿ ಹದಿನೈದು ದಿನ ಕೂತು ಇಪ್ಪತ್ತು ಫೈಲುಗಳನ್ನು ಓದಿ, ಸಿಕ್ಕ ತಪ್ಪುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಕಳಿಸಿದೆ. ಮೂರನೆಯ ದಿನ ಉತ್ತರ ಬಂತು. ನಾಲ್ಕೇ ಸಾಲು. ಪ್ಯಾಚನ್ನು ಅಟ್ಯಾಚ್ ಮಾಡಬೇಡಿ, ಪತ್ರದೊಳಗೇ ಹಾಕಿ, ಒಂದು ಡ್ರೈವರಿಗೆ ಒಂದೇ ಪ್ಯಾಚ್ ಕಳಿಸಿ, ನಿಯಮ ಓದಿ. ಕೊನೆಯ ಸಾಲು ಹೆಚ್ಚು ಚುಚ್ಚಿತು: ಇದನ್ನು ನೀವು ಒಮ್ಮೆಯಾದರೂ ಕಂಪೈಲ್ ಮಾಡಿ ನೋಡಿದಿರಾ?

ಕಂಪೈಲ್ ಎಂದರೆ ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವುದು; ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಾನು ಅದನ್ನು ಮಾಡಿರಲಿಲ್ಲ. ಒಂದು ಕಡೆ ಕಾಮೆಂಟಿನ ಬದಲು ಕೋಡಿನೊಳಗಿನ ಹೆಸರನ್ನೇ ತಿದ್ದಿಬಿಟ್ಟಿದ್ದೆ. ಅದೇ ತಪ್ಪು ಹೆಸರಿನಿಂದ ಬೇರೊಂದು ಫೈಲು ಅದನ್ನು ಕರೆಯುತ್ತಿತ್ತು. ನಾನು ಸ್ಪೆಲಿಂಗ್ ಸರಿಮಾಡಿದ್ದರಿಂದ ಇಡೀ ಡ್ರೈವರ್ ಕೆಟ್ಟು ಕೂತಿತ್ತು.

ಎರಡನೆಯ ಸಲ ನಿಯಮ ಓದಿ, ಒಂದೇ ಫೈಲಿನ ಮೂರು ತಪ್ಪು ತಿದ್ದಿ ಕಳಿಸಿದೆ. ಮೇಲ್ ಪ್ರೋಗ್ರಾಂ ಉದ್ದ ಸಾಲುಗಳನ್ನು ತಾನೇ ಮುರಿದಿತ್ತು, ಹಾಗಾಗಿ ಆ ಪ್ಯಾಚೂ ತಿರುಗಿ ಬಂತು. ಮೂರನೆಯ ಸಲ ಎರಡು ತಿದ್ದುಪಡಿ ಒಪ್ಪಿ ಒಂದನ್ನು ಬಿಟ್ಟರು. ಕ್ಯಾನ್ಸಲ್ಡ್ ಎಂಬ ಪದಕ್ಕೆ ನಾನು ಎರಡು ಎಲ್ ಹಾಕಿದ್ದೆ. ಒಂದು ಎಲ್ ಇದ್ದರೂ ಸರಿ, ಎರಡಿದ್ದರೂ ಸರಿ, ಸರಿಯಿದ್ದದ್ದನ್ನು ತಿದ್ದಬೇಡಿ ಎಂದು ಬರೆದಿದ್ದರು.

ಭಾನುವಾರ ಮಾಸ್ತರರ ಮನೆಗೆ ಹೋದೆ. ಅವರಿಗೀಗ ಎಂಬತ್ತು ದಾಟಿದೆ. ವಿಷಯ ಕೇಳಿ ಕೆರಳಿದರು.

"ಒಂದೇ ಎಲ್ ಅಂತ? ಯಾವ ಶಾಣ್ಯಾ ಹೇಳ್ದಾಂವ? ಮೂವತ್ತು ವರ್ಷ ನಾ ಎರಡು ಎಲ್ ಕಲಸೀನಿ!"

ಕಪಾಟಿನಿಂದ ದಪ್ಪ ನಿಘಂಟು ಇಳಿಸಿ, ಬೆರಳಿಟ್ಟು ಹುಡುಕಿದರು. ಆ ಪುಟದಲ್ಲಿ ಎರಡೂ ರೂಪ ಇದ್ದವು. ಮಾಸ್ತರರು ನಿಘಂಟು ಮುಚ್ಚಿದರು.

"ಬೇಟಾ, ಆ ಸಾಹೇಬ್ರಿಗಿ ಬರಿ. ನೀವು ಹೇಳಿದ್ದು ಖರೆ ಐತಿ, ಶುಕ್ರಿಯಾ ಅಂತ. ನಂದೂ ಸಲಾಮ್ ಹೇಳು."

ನಾನು ಬರೆದೆ, ಸಲಾಮು ಸಹಿತ. ಆ ಉಸ್ತುವಾರಿಯವರು ಯಾವ ದೇಶದವರೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಅವತ್ತಿನಿಂದ ಅವರ ಉತ್ತರಗಳಲ್ಲಿ ಬಿಗಿ ಸಡಿಲಾಯಿತು. ಆ ವರ್ಷ ನನ್ನ ಪ್ಯಾಚುಗಳು ಒಂದೊಂದಾಗಿ ಒಳಗೆ ಹೋದವು. ಲೇಡೀಸ್ ಡಬ್ಬಿಯಲ್ಲಿ ನನ್ನ ಜೊತೆ ಶಹಾಬಾದಿಗೆ ಬರುತ್ತಿದ್ದ ನರ್ಸ್ ಅಕ್ಕ, "ಯಾವ ಗಾಡಿ ಡ್ರೈವರ್‌ನ ತಪ್ಪು ಹುಡುಕಾಕತ್ತೀರಿ ದಿನಾ?" ಎಂದು ಕೇಳುತ್ತಿದ್ದರು. ನಮ್ಮ ಉಪನ್ಯಾಸಕರು ಮಾತ್ರ ತಮ್ಮ ಮಾತನ್ನು ಬಿಡಲಿಲ್ಲ. "ಮೇಡಂ, ಕಾಗುಣಿತ ತಿದ್ದೋದು ಸಾಕು ಮಾಡ್ರಿ. ಕೋಡ್ ಬರೀರಿ, ಅದು ಖರೆ ಕೆಲ್ಸ."

ನಾನು ಮುಂದಿನ ಫೈಲು ತೆರೆಯುತ್ತಿದ್ದೆ.

ಆ ಸಾಲು ಸಿಕ್ಕದ್ದು ಒಂದು ಬುಧವಾರ, ಗಾಡಿ ವಾಡಿ ಹೊರಗೆ ಸಿಗ್ನಲ್ಲಿಗೆ ಕಾಯುತ್ತಿದ್ದಾಗ. ಲ್ಯಾಪ್‌ಟಾಪ್ ತೊಡೆಯ ಮೇಲಿತ್ತು. ಅದು ನಮ್ಮ ಲ್ಯಾಬಿನ ಕಾರ್ಡುಗಳದೇ ಡ್ರೈವರ್. ಒಂದೇ ಮಾಹಿತಿಗೆ ಎರಡು ಕಡೆಯಿಂದ ಒಟ್ಟಿಗೆ ಕೈಹಾಕಿದರೆ ಯಂತ್ರ ಗೊಂದಲಕ್ಕೆ ಬೀಳುತ್ತದೆ. ಹಾಗಾಗದಂತೆ ಕೋಡಿನಲ್ಲಿ ಬೀಗ ಹಾಕುತ್ತಾರೆ. ಆ ಕಾಮೆಂಟು, ಇಲ್ಲಿ ಬೀಗ ಈಗ ಹಾಕಿದೆ ಎಂದು ಹೇಳುತ್ತಿತ್ತು. ಸ್ಪೆಲಿಂಗ್ ತಪ್ಪಿರಲಿಲ್ಲ, ವ್ಯಾಕರಣವೂ ತಪ್ಪಿರಲಿಲ್ಲ. ಆದರೆ ಅದೇ ಸಾಲನ್ನು ನಾನು ಹಿಂದಿನ ವಾರ ಇದೇ ಕಂಪನಿಯ ಇನ್ನೊಂದು ಕಾರ್ಡಿನ ಡ್ರೈವರಿನಲ್ಲಿ ಓದಿದ್ದೆ. ಅಲ್ಲಿ ಬೀಗ ಹಾಕಿಲ್ಲ ಎಂದಿತ್ತು. ಇಂಗ್ಲಿಷಿನಲ್ಲಿ ನಾಟ್ ಮತ್ತು ನೌ ನಡುವೆ ಇರುವುದು ಕೊನೆಯ ಒಂದಕ್ಷರದ ವ್ಯತ್ಯಾಸ. ಟಿ ಇರಬೇಕಾದಲ್ಲಿ ಡಬ್ಲ್ಯೂ.

ತಿದ್ದಿ ಕಳಿಸಲು ಕೈ ಹೋಯಿತು. ಆದರೆ ಎರಡರಲ್ಲಿ ಯಾವುದು ಸರಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಿದ್ದುವ ಅಭ್ಯಾಸ ನನಗಿರಲಿಲ್ಲ. ಪ್ಯಾಚ್ ಮಾಡಲಿಲ್ಲ. ಎರಡೂ ಸಾಲುಗಳನ್ನು ಮೇಲೆ ಕೆಳಗೆ ಇಟ್ಟು, ಇವುಗಳಲ್ಲಿ ಯಾವುದು ನಿಜ ಎಂದು ಮಾತ್ರ ಕೇಳಿದೆ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂದ ಪತ್ರ ಪುಟದುದ್ದ ಇತ್ತು. ಮೊದಲು ಬರೆದವರು ನಾಟ್ ಎಂದು ಬರೆಯಲು ಹೋಗಿ ಕೈತಪ್ಪಿ ನೌ ಎಂದಿದ್ದರಂತೆ. ಬಹಳ ಕಾಲದ ಮೇಲೆ ಇನ್ನೊಬ್ಬರು ಆ ಸಾಲನ್ನು ಓದಿ, ಬೀಗ ಆಗಲೇ ಹಾಕಿದೆಯಲ್ಲ, ಮತ್ತೇಕೆ ಎಂದು ಕೆಳಗಿನ ಬೀಗದ ಸಾಲನ್ನು ಅಳಿಸಿಬಿಟ್ಟಿದ್ದರಂತೆ. ಅಂದಿನಿಂದ ಕೇಬಲ್ ಕಿತ್ತು ಹಾಕಿದಾಗ ಒಮ್ಮೊಮ್ಮೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿರಬೇಕು ಎಂದು ಬರೆದು, ಕೆಳಗೊಂದು ಪ್ರಶ್ನೆ ಕೇಳಿದ್ದರು: ನಿಮ್ಮ ಹತ್ತಿರ ಈ ಕಾರ್ಡ್ ಇದೆಯೇ? ಪರೀಕ್ಷೆ ಮಾಡಬಲ್ಲಿರಾ?

ನಮ್ಮ ಲ್ಯಾಬಿನ ಕಂಪ್ಯೂಟರುಗಳು ಹಾಗೇ ಹ್ಯಾಂಗ್ ಆಗುತ್ತಿದ್ದವು! ಕಸ ಗುಡಿಸುವಾಗ ಕೇಬಲ್ ಅಲುಗಿದರೆ ಸಾಕಿತ್ತು. ನಾವೆಲ್ಲ ಹಳೆಯ ಕೇಬಲನ್ನು ಬೈದುಕೊಂಡು ಸುಮ್ಮನಿದ್ದೆವು.

ಪತ್ರವನ್ನು ಉಪನ್ಯಾಸಕರ ಮುಂದಿಟ್ಟೆ. ಅವರು ಓದಿದರು. ಮತ್ತೆ ಮೊದಲಿನಿಂದ ಓದಿದರು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಮೇಡಂ, ನೀವು ಕೇಬಲ್ ಹಿಡೀರಿ. ನಾ ಎಣಸ್ತೀನಿ."

ಮೊದಲು ಹಳೆಯ ಡ್ರೈವರ್. ಕೇಬಲ್ ಕೀಳುವುದು, ಹಾಕುವುದು. ಹದಿನಾಲ್ಕನೆಯ ಸಲಕ್ಕೆ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಆಮೇಲೆ ಉಸ್ತುವಾರಿಯವರು ಪತ್ರದ ಜೊತೆ ಕಳಿಸಿದ್ದ ಸರಿಪಡಿಸಿದ ಕೋಡನ್ನು ಹಾಕಿ, ಮತ್ತೆ ಶುರು ಮಾಡಿದೆವು. ಹದಿನಾಲ್ಕು ದಾಟಿತು. ಐವತ್ತು ದಾಟಿತು. ಪ್ರಾಕ್ಟಿಕಲ್ಲಿಗೆ ಬಂದ ಹುಡುಗಿಯರು ಸುತ್ತ ನಿಂತು ಉಪನ್ಯಾಸಕರ ಜೊತೆ ತಾವೂ ಎಣಿಸತೊಡಗಿದರು. ನೂರಾದಾಗ ನನ್ನ ಬೆರಳು ನೋಯುತ್ತಿತ್ತು. ಕೇಬಲನ್ನು ಉಪನ್ಯಾಸಕರ ಕೈಗೆ ಕೊಟ್ಟು ನಾನು ಎಣಿಸಿದೆ. ಇನ್ನೂರಕ್ಕೆ ನಿಲ್ಲಿಸಿದೆವು. ಪರದೆಯ ಮೇಲೆ ಗಡಿಯಾರ ಆರಾಮಾಗಿ ಓಡುತ್ತಿತ್ತು. ಹುಡುಗಿಯರು ಚಪ್ಪಾಳೆ ಹೊಡೆದ ಸದ್ದಿಗೆ ಪ್ರಿನ್ಸಿಪಾಲರು ಬಾಗಿಲಿಗೆ ಬಂದು, "ಏನ್ ಗದ್ಲ ಹಚ್ಚೀರಿ?" ಎಂದು ಕೇಳಿ, ವಿಷಯ ಪೂರ್ತಿ ಅರ್ಥವಾಗದಿದ್ದರೂ ತಾವೂ ನಾಲ್ಕು ಚಪ್ಪಾಳೆ ಹೊಡೆದು ಹೋದರು.

ಉಪನ್ಯಾಸಕರು ಕೈಯ ಧೂಳು ಒರೆಸಿಕೊಳ್ಳುತ್ತಾ ನಿಂತರು. "ಮಷೀನ್ ಓದಂಗಿಲ್ಲ ಅಂದಿದ್ದೆ. ಆದ್ರ ಮಷೀನಿಗಿ ಬರ್ಯೋ ಮನಷ್ಯಾ ಓದ್ತಾನ. ಅದು ನನಗ ಹೊಳೀಲೇ ಇಲ್ಲ ನೋಡ್ರಿ. ತಪ್ಪಾತ್ರಿ ಮೇಡಂ."

ಹನ್ನೆರಡು ವರ್ಷದಲ್ಲಿ ಆ ಲ್ಯಾಬಿನಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ಚಿತ್ತಾಪುರ ಬಿಟ್ಟ ಮೇಲೆ ಮೊಬೈಲು ಸದ್ದು ಮಾಡಿತು. ತಿದ್ದುಪಡಿ ಒಳಗೆ ಹೋಗಿತ್ತು. ಅದರ ಕೆಳಗೆ, ದೋಷವನ್ನು ತಿಳಿಸಿದವರು ಎಂದು ನನ್ನ ಹೆಸರಿತ್ತು. ಪರೀಕ್ಷಿಸಿದವರು ಎಂದು ಮತ್ತೆ ನನ್ನ ಹೆಸರು, ಜೊತೆಗೆ ಉಪನ್ಯಾಸಕರದು. ನಾನು ಎದ್ದು ನಿಂತುಬಿಟ್ಟೆ. ನರ್ಸ್ ಅಕ್ಕ ಗಾಬರಿಯಾದರು.

"ಏನಾತು? ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?"

"ಆರಾಮ ಅದಾರ್ರಿ ಅಕ್ಕ. ನಾ ಗೆದ್ದೀನ್ರಿ!"

ಏನು ಗೆದ್ದೆ ಎಂದು ವಿವರಿಸುವಷ್ಟರಲ್ಲಿ ವಾಡಿ ಬಂತು. ಅವರು ಕೆಳಗಿಳಿದು, ಪ್ಲಾಟ್‌ಫಾರ್ಮಿನಲ್ಲಿ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಇಡೀ ಡಬ್ಬಿಗೆ ಹಂಚಿದರು. ಹಂಚುವಾಗ, "ಕಂಪ್ಯೂಟರ್ ಒಳಗಿನ ಬ್ಯಾನಿ ಹಿಡದಾರ ನಮ್ಮ ಮೇಡಂ," ಎಂದು ಎಲ್ಲರಿಗೂ ಹೇಳಿದರು. ನನ್ನ ವಿವರಣೆಗಿಂತ ಅದು ಎಷ್ಟೋ ಚೆನ್ನಾಗಿತ್ತು.

ಸಂಜೆ ಆ ಪುಟವನ್ನು ಪ್ರಿಂಟ್ ಮಾಡಿಸಿಕೊಂಡು ಮಾಸ್ತರರ ಕಟ್ಟೆಗೆ ಹೋದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತಾ ಪ್ರತಿ ಸಾಲು ಓದಿದರು. ನನ್ನ ಹೆಸರು ಬಂದಲ್ಲಿ ನಿಂತರು.

"ಸ್ಪೆಲಿಂಗ್ ಬರೋಬರ್ ಐತಿ," ಅಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಒಳಗೆ ಕೂಗಿ, "ಶೀರ್‌ಖುರ್ಮಾ ಮಾಡ್ರಿ. ಇವತ್ತು ಈದ್ ಐತಿ ನಮಗ," ಎಂದರು.

ಸುದ್ದಿ ಹೇಗೋ ಚಿಂಚೋಳಿ ಮುಟ್ಟಿತು. ಅಲ್ಲಿನ ಒಂದು ಕಾಲೇಜಿನವರು ಮಕ್ಕಳಿಗೆ ಪ್ಯಾಚ್ ಮಾಡುವುದನ್ನು ಹೇಳಿಕೊಡಲು ನಮ್ಮಿಬ್ಬರನ್ನೂ ಕರೆದರು. ಉಪನ್ಯಾಸಕರು ವೇದಿಕೆ ಏರಿ, "ನಾನು ಮೇಡಮ್ಮೋರ ಅಸಿಸ್ಟೆಂಟ್ ಆಗಿ ಬಂದೀನಿ," ಎಂದು ಹೇಳಿ ಎಲ್ಲರನ್ನೂ ನಗಿಸಿದರು. ನಾನು ನಮ್ಮ ಕನ್ನಡದಲ್ಲೇ ಮಾತಾಡಿದೆ. ನನ್ನ ಮಾತು ಕಾಲು ಗಂಟೆಯಲ್ಲಿ ಮುಗಿಯಿತು. ಉಳಿದ ಹೊತ್ತೆಲ್ಲ ಮಕ್ಕಳು ಫೈಲು ಓದಿದರು. ಒಂದೊಂದು ತಪ್ಪು ಸಿಕ್ಕಾಗಲೂ ಯಾವುದೋ ಮೂಲೆಯಿಂದ "ಸಿಕ್ತ್ರೀ!" ಎಂಬ ಕೂಗು ಏಳುತ್ತಿತ್ತು.

ವಾಪಸ್ಸು ಬರಲು, ಚಿಂಚೋಳಿಗೆ ಅಂಟಿಕೊಂಡೇ ಇರುವ ಚಂದಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಆ ಕಾಲೇಜಿನ ಮೂವರು ಹುಡುಗಿಯರು ಲ್ಯಾಪ್‌ಟಾಪನ್ನು ತೆರೆದೇ ಎತ್ತಿಕೊಂಡು ಓಡಿಬಂದರು. ತಾವೇ ಮಾಡಿದ ಪ್ಯಾಚ್, ಕಂಪೈಲ್ ಮಾಡಿಯೂ ನೋಡಿದ್ದರಂತೆ, ಕಳಿಸುವ ಮುಂಚೆ ಒಂದು ಸಲ ನೋಡಬೇಕಂತೆ. ಬೆಂಚಿನ ಮೇಲಿಟ್ಟು ಓದಿದೆ. ಎಲ್ಲಾ ಸರಿಯಿತ್ತು. ಉಪನ್ಯಾಸಕರು ತಮ್ಮ ಮೊಬೈಲಿನಿಂದ ನೆಟ್ ಕೊಟ್ಟರು. ಅಷ್ಟರಲ್ಲಿ ಬಸ್ಸು ಬಂದು, ಕಂಡಕ್ಟರ್ ಅವಸರ ಮಾಡತೊಡಗಿದ. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಕೂಗಿದೆ.

"ಕಳಸ್ರವ್ವಾ, ಕಳಸ್ರಿ!"

ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹಾಕಿ ನೋಡಿದರೆ ಮೂವರೂ ಬೆಂಚಿನ ಸುತ್ತ ಕುಣಿಯುತ್ತಿದ್ದರು.

"ಹೋಯ್ತ್ರೀ ಮೇಡಂ! ಹೋಯ್ತು!"