ವರದಿಯಲ್ಲಿ ಕಾಣದ ಸಿಸ್ಟರ್

ಎಸ್ಸೆಸ್ಸೆಲ್ಸಿ ಪಾಸಾಗುವಾಗ ನನಗೆ ಇಪ್ಪತ್ತೇಳು. ತೊಂಬತ್ತರ ದಶಕದ ನಡುವೆ ಗುಂಡ್ಲುಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಟೈಪಿಸ್ಟ್ ಆದೆ. ಬೆಂಗಳೂರಿನ ಒಂದು ಸಂಸ್ಥೆ ಅಲ್ಲಿನ ಒಬ್ಬ ನರ್ಸಿಗೆ ಸಂಬಳ ಕೊಡುತ್ತಿತ್ತು. ಅವರು ಬರೀ ವಾರ್ಡಿನಲ್ಲಿ ಇರಬಾರದು. ಡಾಕ್ಟರು, ಲ್ಯಾಬಿನವರು, ಕಾಂಪೌಂಡರ್ ಜೊತೆ ಸಮನಾಗಿ ಕೂತು ಕ್ಷಯ ರೋಗಿಗಳ ವಿಷಯ ಮಾತಾಡಬೇಕು, ಹಳ್ಳಿಗೂ ಹೋಗಬೇಕು ಎಂಬುದು ಷರತ್ತು.

ಶನಿವಾರ ನಾಲ್ವರೂ ಒಂದೇ ಮೇಜಿಗೆ ಕೂರುತ್ತಿದ್ದರು. ಹರವೆ ಎಂಬ ಹಳ್ಳಿಯ ಒಬ್ಬ ಮುದುಕ ಮಾತ್ರೆ ನಿಲ್ಲಿಸಿದ್ದಾನೆ, ನುಂಗಿದರೆ ವಾಂತಿಯಾಗುತ್ತದೆ ಎಂದು ಕಂಡುಕೊಂಡು ಬಂದವರು ಆ ನರ್ಸ್, ನಮ್ಮೆಲ್ಲರ ಸಿಸ್ಟರ್. ಅವರು ಹೇಳಿದ ಮೇಲೆಯೇ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದ್ದು.

ಸಂಸ್ಥೆಗೆ ಕಳಿಸುವ ವರ್ಷದ ವರದಿ ಟೈಪ್ ಮಾಡಿದವನು ನಾನು. ನಮ್ಮ ಕಡೆ ಆಸ್ಪತ್ರೆಯಲ್ಲಿ ಯಾರು ಏನೇ ಮಾಡಿದರೂ ‘ಡಾಕ್ಟರು ನೋಡಿದರು’ ಎನ್ನುವುದು ರೂಢಿ. ಅದೇ ಮರ್ಯಾದೆ ಎಂದುಕೊಂಡು, ಸಿಸ್ಟರ್ ಕೊಟ್ಟ ಚೀಟಿಗಳಲ್ಲಿ ‘ನಾನು’ ಎಂದಿದ್ದ ಕಡೆಯೆಲ್ಲ ‘ಡಾಕ್ಟರು’ ಎಂದು ಹೊಡೆದೆ. ಡಾಕ್ಟರು ಓದದೆ ಸಹಿ ಹಾಕಿದರು.

ತಿಂಗಳಲ್ಲಿ ಸಂಸ್ಥೆಯಿಂದ ಕಾಗದ ಬಂತು. ನರ್ಸ್ ಮಾಡಿದ ಕೆಲಸ ಎಲ್ಲೂ ಕಾಣುತ್ತಿಲ್ಲ, ಮತ್ತೆ ಆ ಹುದ್ದೆಗೆ ಹಣ ಏಕೆ ಕೊಡಬೇಕು ಎಂದು ಕೇಳಿದ್ದರು.

“ನಾನ್ಯಾವತ್ತಯ್ಯ ಹರವೆಗೆ ಹೋಗಿದ್ದೆ?” ಎಂದರು ಡಾಕ್ಟರು.

“ಮರ್ವಾದೆಗೆ ಅಂತ ಆಕ್ಬುಟ್ಟೆ ಸಾರ್.”

“ನನ್ನ ಮರ್ಯಾದೆ ಇರ್ಲಿ. ಅವ್ರ ಕೆಲ್ಸ ಹೋಗುತ್ತಲ್ಲಯ್ಯ.”

ಕಾಂಪೌಂಡರ್ ಬಾಗಿಲಲ್ಲೇ ನಕ್ಕ. “ಆಳೆತ್ತರದ ಸಿಸ್ಟರನ್ನ ಮಾಯ ಮಾಡ್ಬುಟ್ಯಲ್ಲ, ಮಂತ್ರ ಯಾರ್ಲಾ ಕಲ್ಸಿದ್ದು?”

ವರದಿ ಮತ್ತೆ ಬರೆದು ಕಳಿಸಲು ಒಂದು ವಾರವಿತ್ತು. ಸಿಸ್ಟರ್ ನನ್ನ ಮೇಲೆ ರೇಗಲಿಲ್ಲ. ಊಟವಾದ ಮೇಲೆ ಟೈಪ್ ಮಿಷನ್ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಡಾಕ್ಟ್ರು ಯೋಳಿದ್ರು, ಅದ್ಕೇ ಮುದ್ಕನ ಮನೆಗೆ ಓದೆ ಅಂತ ಆಕಪ್ಪ.”

“ಡಾಕ್ಟ್ರು ಯೋಳಿದ್ರಾ ಸಿಸ್ಟರ್?”

“ಇಲ್ಲ ಕಣಪ್ಪ. ಅವ್ರಿಗೆ ಗೊತ್ತೇ ಇರ್ನಿಲ್ಲ.”

“ಗೊತ್ತಿರ್ನಿಲ್ಲ ಅಂತ್ಲೇ ಆಕ್ತೀನಿ, ಬುಡಿ.”

ನಾನು ಎರಡೇ ಬೆರಳಲ್ಲಿ ಹೊಡೆಯುವವನು. ಮೂರು ದಿನ ಹಿಡಿಯಿತು. ಈ ಸಲ ಡಾಕ್ಟರು ಪೂರ್ತಿ ಓದಿಯೇ ಸಹಿ ಹಾಕಿದರು. ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಹುದ್ದೆ ಇನ್ನೊಂದು ವರ್ಷ ಮುಂದುವರಿಯಿತು. ಆ ಸುದ್ದಿಯ ಕಾಗದ ಹಿಡಿದು ನಾನು ಅಂಗಳಕ್ಕೆ ಓಡಿದಾಗ ಸಿಸ್ಟರ್ ಮಾತ್ರೆಯ ಡಬ್ಬಿಗಳನ್ನು ಜೀಪಿಗೆ ತುಂಬಿಸುತ್ತಿದ್ದರು. ಎರಡು ಸಲ ಓದಿ, ಮಡಚಿ ಬ್ಯಾಗಿಗೆ ಹಾಕಿಕೊಂಡರು.

“ಜೀಪ್ ಅತ್ತು,” ಎಂದರು. “ಯಾರ್ ಏನ್ ಮಾಡ್ತರೆ ಅಂತ ಕಣ್ಣಾರೆ ನೋಡ್ಕಂಡು ಬರುವಂತೆ.”

ನಾನು ಹಿಂದಿನ ಸೀಟಿನಲ್ಲಿ ಡಬ್ಬಿಗಳ ಪಕ್ಕ ಕೂತೆ.